ಗೂಬೆ ಅಲ್ಲ, ಹಾಲಕ್ಕಿ

ಮೈಸೂರಿಗೆ ಬಂದ ಮೊದಲ ವಾರ, ಎದುರಿನ ಪಾರ್ಕಿನಲ್ಲಿ ಒಬ್ಬ ಗಂಡಸು ದುರ್ಬೀನು ಹಿಡಿದು ನಮ್ಮ ಮಹಡಿಯ ಕಡೆಗೇ ನೋಡುತ್ತಿದ್ದ. ಸೀರೆ ಒಣಹಾಕುತ್ತಿದ್ದ ನಾನು ಮೇಲಿಂದಲೇ ಬಾಯಿಗೆ ಬಂದಂತೆ ಬೈದೆ. ಮಗಳು ಸುಜಾತಾ ಓಡಿಬಂದು ಬಾಯಿ ಮುಚ್ಚಿಸಿದಳು. ಅವರು ರಂಗಸ್ವಾಮಿಯವರು, ಬ್ಯಾಂಕಿನಿಂದ ನಿವೃತ್ತರಾದವರು, ನೋಡುತ್ತಿದ್ದುದು ಹಕ್ಕಿಯನ್ನಂತೆ.

ಹನೂರಿನ ಕಡೆ ನಮ್ಮೂರಲ್ಲಿ ಹಕ್ಕಿಯನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಒಣಹಾಕಿದ ರಾಗಿಗೆ ಅವೇ ಬರುತ್ತವೆ, ನಾವು ಓಡಿಸುತ್ತೇವೆ. ಮಗಳ ಮನೆಯಿರುವ ಸಿದ್ಧಾರ್ಥನಗರದಲ್ಲಿ ಭಾನುವಾರ ಜನ ಗುಂಪುಕಟ್ಟಿಕೊಂಡು, ಯಾವ ಹಕ್ಕಿ ಎಲ್ಲಿ ಕಂಡಿತೆಂದು ಮೊಬೈಲಿನಲ್ಲಿ ದಾಖಲು ಮಾಡುತ್ತಾರೆ. ಕಂಡೆ ಅಂದರೆ ಸಾಲದು, ಫೋಟೊ ಬೇಕು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನೂ ಹೋಗತೊಡಗಿದೆ. ವಾರವೆಲ್ಲ ಗೋಡೆ ನೋಡಿಕೊಂಡು ಕೂತು ಸಾಕಾಗಿತ್ತು.

ಒಂದು ದಿನ ಹೊಂಗೆ ಮರದ ಪೊಟರೆಯಲ್ಲಿ ಹಾಲಕ್ಕಿ ಮರಿಗಳನ್ನು ಕಂಡೆ. ಚಿಕ್ಕ ಹಕ್ಕಿ, ದುಂಡು ಕಣ್ಣು. ಬುಡುಬುಡಿಕೆಯವನು ಬಾಗಿಲಿಗೆ ಬಂದು, ಹಾಲಕ್ಕಿ ಶುಭ ನುಡಿಯಿತು ಎನ್ನುವುದು ಇದರ ಬಗ್ಗೆಯೇ. ನಮ್ಮ ಕಡೆಯವರ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. "ಆಲಕ್ಕಿ ಅದೆ ಬನ್ನಿ" ಅಂದೆ. ರಂಗಸ್ವಾಮಿ ಸುತ್ತ ನೋಡಿ, ಇಲ್ಲೆಲ್ಲಿದೆ ಆಲದ ಮರ ಎಂದರು. ಎಲ್ಲರೂ ನಕ್ಕರು. ಕರೆದುಕೊಂಡು ಹೋಗಿ ತೋರಿಸಿದೆ. ಓ, ಗೂಬೆ ಅಂದವರೇ ಫೋಟೊ ತೆಗೆದು, ಪಾರ್ಕಿನಲ್ಲಿ ಗೂಬೆ ಮರಿ ಮಾಡಿದೆ ಎಂದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಯಾವ ಮರ ಎಂಬುದನ್ನೂ ಬಿಡಲಿಲ್ಲ. ಗೂಬೆ ಎಂಬ ಮಾತು ಮನೆಮನೆಗೆ ಬಿದ್ದರೆ ಏನಾದೀತೆಂದು ಯೋಚಿಸಬೇಡವೆ?

ಮರುದಿನವೇ ಪಕ್ಕದ ಮನೆಯ ಶೈಲಜಾ ಗಾರೆ ಕೆಲಸದವನನ್ನು ಕರೆತಂದು, ಪೊಟರೆಗೆ ಸಿಮೆಂಟು ಮೆತ್ತಲು ಏಣಿ ಹತ್ತಿಸಿದರು. ನಾನು ಹೋಗಿ ಏಣಿ ಹಿಡಿದು ನಿಂತೆ.

"ಮದುವೆಗೆ ಬಂದ ಮಗಳಿದ್ದಾಳೆ ಕಣ್ರೀ. ಗೂಬೆ ಎದುರಿಗಿಟ್ಕೊಂಡು ಗಂಡಿನ ಕಡೆಯವರನ್ನ ಹೇಗೆ ಕರೀಲಿ?"

"ಮದ್ವೆ ಮಾಡು ತಾಯಿ, ಬ್ಯಾಡ ಅಂದೋರ್ಯಾರು? ಮರಿಗಳನ್ನ ಜೀವಂತ ಮುಚ್ಬುಟ್ಟು ಮಾಡ್ಬೇಡ."

ಅಷ್ಟರಲ್ಲಿ ರಂಗಸ್ವಾಮಿ ಬಂದು, ಗೂಬೆ ಇಲಿ ತಿನ್ನುತ್ತದೆ, ಇದೆಲ್ಲ ಮೂಢನಂಬಿಕೆ ಎಂದು ಶುರುಮಾಡಿದರು. ಅವರು ಗೂಬೆ ಅಂದಷ್ಟೂ ಶೈಲಜಾರ ಮುಖ ಗಂಟಾಯಿತು. ಮೊದಲು ಆ ಮಾತು ಅಳಿಸಿ ಹಾಲಕ್ಕಿ ಅಂತ ಬರೆಯಿರಿ ಎಂದೆ.

"ಅದೂ ಗೂಬೆ ಜಾತಿನೇ ಅಮ್ಮ. ಸುಳ್ಳು ಬರೆಯೋಕಾಗುತ್ತಾ?"

"ಸುಳ್ಳ್ಯಾಕೆ, ಅದರ ಎಸರು ಬರೀರಿ. ನಿಮ್ಮನ್ನ ಮನುಷ್ಯ ಜಾತಿ ಬನ್ನಿ ಅಂತೀವಾ, ರಂಗಸ್ವಾಮಿ ಬನ್ನಿ ಅಂತೀವಿ."

ಗಾರೆಯವನು ಮೇಲೆಯೇ ನಕ್ಕ. ಹಾಲಕ್ಕಿಯಾದರೆ ನಾನು ಮುಟ್ಟುವುದಿಲ್ಲ ಎಂದು ಇಳಿದುಬಂದ. ರಂಗಸ್ವಾಮಿ ಗುಂಪಿನಲ್ಲಿದ್ದುದನ್ನು ಅಳಿಸಿ, ಹಾಲಕ್ಕಿ ಎಂದು ಮತ್ತೆ ಹಾಕಿದರು. ಅಷ್ಟು ಪ್ರೀತಿಯಿದ್ದರೆ ನಿಮ್ಮೂರಿಗೇ ತೆಗೆದುಕೊಂಡು ಹೋಗಿ ಎಂದು ಹೇಳಿ ಶೈಲಜಾ ಬಾಗಿಲು ಹಾಕಿಕೊಂಡರು.

ಮರಿಗಳು ಬಲಿತು ಹಾರಿದವು. ಆಮೇಲೆ ಪೊಟರೆಯನ್ನು ಯಾರೋ ಮುಚ್ಚಿಸಿದರು. ಯಾರೆಂದು ಯಾರೂ ಹೇಳುವುದಿಲ್ಲ.

ಈಚೆಗೆ ಊರಿಗೆ ಹೋಗಿದ್ದೆ. ತಮ್ಮನ ಮನೆಯ ಹೆಂಚಿನ ಮೇಲೆ ಗೂಬೆ ಬಂದು ಕೂತಿತು. ಹಾಲಕ್ಕಿಯಲ್ಲ, ದೊಡ್ಡ ಗೂಬೆಯೇ. ತಮ್ಮನ ಹೆಂಡತಿ ಕಲ್ಲೆತ್ತಿದಳು. ಗೂಬೆ ಕೂತರೆ ಅಲ್ಲಿ ಯಾರಾದರೂ ಕಲ್ಲೆತ್ತುತ್ತಾರೆ. ನಾನು ಅವಳ ಕೈ ಹಿಡಿದುಕೊಂಡೆ.

"ಬುಡಕ್ಕ, ನೀನು ಮೈಸೂರೋಳಾಗ್ಬುಟ್ಟೆ."

ಮೈ ಉರಿಯಿತು. ಮರಿಗಳಿರುವ ಪೊಟರೆಗೆ ಸಿಮೆಂಟು ಕಲೆಸಿದ ಊರಿನವಳು ನಾನೇಕೆ ಆಗಲಿ? ಅಲ್ಲ ಎನ್ನಲು ಬಾಯಿ ತೆರೆದೆ. ಅವಳ ಕೈ ಮಾತ್ರ ಬಿಡಲಿಲ್ಲ.