ಆರನೇ ಪಾಠದ ಕೆಳಗಿನ ಸಹಿ

ಇಪ್ಪತ್ತೆರಡು ವರ್ಷಗಳಿಂದ ನಾನು ಟೀಚರ್ ಆಗಲು ಬಂದವರಿಗೆ ಪಾಠ ಮಾಡುವುದು ಹೇಗೆಂದು ಹೇಳಿಕೊಡುತ್ತಿದ್ದೇನೆ. ಬೆಂಗಳೂರಿನ ಉಲ್ಲಾಳದ ಆಚೆಗಿರುವ ಒಂದು ಬಿ.ಎಡ್. ಕಾಲೇಜಿನಲ್ಲಿ ಕನ್ನಡ ಬೋಧನೆ ನನ್ನ ವಿಷಯ. ಹೇಳಿಕೊಡುತ್ತೇನೆ ಎಂದರೆ ದೊಡ್ಡ ಮಾತಾಯಿತು. ನಿಜವಾಗಿ ನಾನು ಮಾಡುವುದು ಸಹಿ ಹಾಕುವ ಕೆಲಸ.

ಪ್ರತಿ ವಿದ್ಯಾರ್ಥಿನಿಯೂ ಯಾವುದಾದರೂ ಶಾಲೆಗೆ ಹೋಗಿ ಇಪ್ಪತ್ತು ಪಾಠ ಮಾಡಬೇಕು. ಪ್ರತಿ ಪಾಠವನ್ನೂ ಮೊದಲೇ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಪೀಠಿಕೆ ಏನು, ಯಾವ ಪ್ರಶ್ನೆ ಕೇಳುತ್ತೀರಿ, ಮಕ್ಕಳು ಏನು ಉತ್ತರ ಹೇಳುತ್ತಾರೆ, ಎಲ್ಲವನ್ನೂ. ಮಕ್ಕಳು ಬಾಯಿ ಬಿಡುವ ಮೊದಲೇ ಅವರ ಉತ್ತರ ಪುಸ್ತಕದಲ್ಲಿ ತಯಾರಾಗಿರುತ್ತದೆ. ಅವಳು ಪಾಠ ಮಾಡುವಾಗ ನಾನು ಕೊನೆಯ ಬೆಂಚಿನಲ್ಲಿ ಕೂತು ನೋಡಬೇಕು. ಮುಗಿದ ಮೇಲೆ, 'ಪಾಠದ ನಂತರ ನನ್ನ ಅನಿಸಿಕೆ' ಎಂಬ ಕೊನೆಯ ಚೌಕದಲ್ಲಿ ಪಾಠ ಹೇಗಾಯಿತೆಂದು ಅವಳು ಬರೆಯಬೇಕು. ಅದರ ಕೆಳಗೆ ನಾನು ಕೆಂಪು ಪೆನ್ನಿನಲ್ಲಿ ಒಂದು ಮಾತು ಬರೆದು ಸಹಿ ಹಾಕಬೇಕು.

ಆ ಚೌಕದಲ್ಲಿ ಯಾರೂ ಅನಿಸಿಕೆ ಬರೆಯುವುದಿಲ್ಲ. 'ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು. ಸಮಯ ಪಾಲನೆ ಇನ್ನಷ್ಟು ಸುಧಾರಿಸಬೇಕು.' ಈ ಎರಡು ವಾಕ್ಯ ಸೀನಿಯರುಗಳಿಂದ ಜೂನಿಯರುಗಳಿಗೆ, ಅವರಿಂದ ಅವರ ಜೂನಿಯರುಗಳಿಗೆ, ಹಳೆಯ ರೆಕಾರ್ಡುಗಳ ಜೊತೆ ಇಳಿದು ಬಂದಿವೆ. ನಾನು ಬಿ.ಎಡ್. ಓದುವಾಗಲೂ ಇವೇ ಇದ್ದವು. ಹಾಗಾಗಿ ನಾನೂ ಓದುವುದಿಲ್ಲ. ಪುಟದ ಕೆಳಭಾಗ ಹುಡುಕಿ 'ಉತ್ತಮ' ಎಂದು ಬರೆದು ಸಹಿ ಎಳೆಯುತ್ತೇನೆ. ಹನ್ನೊಂದು ಜನರ ಹನ್ನೊಂದು ರೆಕಾರ್ಡುಗಳನ್ನು ಚೀಲದಲ್ಲಿ ಹೊತ್ತು ಎರಡು ಬಸ್ಸು ಬದಲಿಸಿ ರಾಜಾಜಿನಗರದ ಮನೆ ಸೇರುವಷ್ಟರಲ್ಲಿ ಭುಜ ಕಿತ್ತು ಬರುತ್ತಿರುತ್ತದೆ. ಕುಕ್ಕರ್ ಕೂಗುವವರೆಗೆ ಅಡುಗೆಮನೆಯ ಕಟ್ಟೆಯ ಮೇಲೆಯೇ ಐದಾರು ಸಹಿ ಮುಗಿಸುತ್ತೇನೆ. "ಬ್ಯಾಂಕ್ ಮ್ಯಾನೇಜರ್ ಕೂಡ ಇಷ್ಟು ಸೈನ್ ಹಾಕಲ್ಲ ಕಣೇ" ಎಂದು ಗಂಡ ಛೇಡಿಸುತ್ತಾರೆ. ನಗಲೂ ಆಗದಷ್ಟು ಸುಸ್ತಾಗಿರುತ್ತದೆ.

ಕಳೆದ ಬ್ಯಾಚಿನವರು ಪಾಠ ಮಾಡಿದ್ದು ಹೊಸಹಳ್ಳಿಯ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ನನ್ನ ಗುಂಪಿನ ಹನ್ನೊಂದು ಹುಡುಗಿಯರಲ್ಲಿ ಮೂವರು ನನ್ನ ತಲೆಯಿಂದ ಇಳಿಯುವುದಿಲ್ಲ.

ಒಬ್ಬಳು ವಿಜಯಪುರದ ಕಡೆಯವಳು. ವಿಜಯನಗರದಲ್ಲಿ ಫುಡ್ ಡೆಲಿವರಿ ಮಾಡುವ ಅಣ್ಣನ ಜೊತೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಎತ್ತರದ ಆಳು, ಅದಕ್ಕೆ ತಕ್ಕ ಗಂಟಲು. ಅವಳು ಎಂಟನೇ ತರಗತಿಯಲ್ಲಿ ಹಾಜರಿ ಕರೆದರೆ ಹತ್ತನೇ ತರಗತಿಯವರು ಎದ್ದು ನಿಲ್ಲುತ್ತಿದ್ದರು. ಮೊದಲ ವಾರ ಮಕ್ಕಳು ಅವಳ ಮಾತನ್ನು ಅಣಕಿಸಿ ನಕ್ಕಾಗ, ಅವಳು ಬೇಸರ ಮಾಡಿಕೊಂಡಿರಬಹುದೆಂದು ಸಮಾಧಾನ ಹೇಳಲು ಹೋದೆ.

"ನಗಲಿ ಬಿಡ್ರೀ ಮೇಡಂ. ನಗೋ ಹುಡುಗ್ರು ಎಚ್ಚರ ಆದ್ರೂ ಇರ್ತಾವ" ಎಂದಳು. ಹತ್ತನೇ ಪಾಠದ ಹೊತ್ತಿಗೆ ಇಡೀ ತರಗತಿ "ಹೌದ್ರೀ ಟೀಚರ್", "ಇಲ್ರೀ ಟೀಚರ್" ಎನ್ನುತ್ತಿತ್ತು. ಅಣಕವೋ ಪ್ರೀತಿಯೋ ಕೊನೆಗೆ ಮಕ್ಕಳಿಗೇ ಮರೆತುಹೋಗಿತ್ತು.

ಇನ್ನೊಬ್ಬಳು ಉಲ್ಲಾಳದವಳೇ. ಅವರ ಹೊಲವಿದ್ದ ಜಾಗ ಈಗ ಲೇಔಟು. ಕಾಲೇಜಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆ ಇಟ್ಟುಕೊಂಡು ದಿನವೂ ತಡವಾಗಿ ಬರುತ್ತಿದ್ದಳು. ಬೈಯಲು ಬಾಯಿ ತೆರೆದರೆ "ಸಾರಿ ಮೇಡಂ, ಸೆರಗು ನಿಲ್ತಾನೇ ಇರ್ಲಿಲ್ಲ" ಎಂದು ಭುಜದ ಆರು ಪಿನ್ನು ತೋರಿಸುತ್ತಿದ್ದಳು. ಮದುವೆ ನಿಶ್ಚಯವಾಗಿತ್ತು. ಟೀಚರ್ ಆಗುತ್ತೇನೋ ಇಲ್ಲವೋ ಅತ್ತೆ ಮನೆಯವರನ್ನು ಕೇಳಬೇಕು ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತಿದ್ದಳು. ಆದರೆ ಪಾಠದಲ್ಲಿ ಹಳೆಯ ಅಳತೆಗಳ ಹೆಸರು ಬಂದ ದಿನ, ಎಲ್ಲರೂ ಚಾರ್ಟ್ ಬರೆದು ತಂದರೆ ಇವಳು ಅಜ್ಜನ ಕಾಲದ ಸೇರು, ಪಾವುಗಳನ್ನೂ ಒಂದು ಚೀಲ ರಾಗಿಯನ್ನೂ ಸ್ಕೂಟರಿನಲ್ಲಿಟ್ಟುಕೊಂಡು ಬಂದಳು. ಮಕ್ಕಳು ಅಳೆದರು, ಚೆಲ್ಲಿದರು, ಕಾಲು ಜಾರಿ ಬಿದ್ದರು. ಹೆಡ್ ಮೇಡಂ ಕೆಂಡವಾದರು. ಇವಳು ಸೆರಗು ಸಿಕ್ಕಿಸಿ ಗುಡಿಸುತ್ತಾ, "ಮನೆ ರಾಗಿ ಅಂದ್ಕೊಂಡ್ರಾ ಮೇಡಂ? ಈಗ ನಾವೂ ಅಂಗಡೀಲೇ ತರೋದು" ಎಂದಳು.

ಮೂರನೆಯವಳ ಬಗ್ಗೆ ಹೇಳಲು ಹೊರಟೇ ಇಷ್ಟೆಲ್ಲ ಬರೆದೆ. ಅವಳ ತಾಯಿ ಗಾರ್ಮೆಂಟ್ಸ್‌ಗೆ ಹೋಗುವವರು. ಅವಳು ಡಿಗ್ರಿ ಮುಗಿಸಿ ಎರಡು ವರ್ಷ ರಾಜ್‌ಕುಮಾರ್ ರಸ್ತೆಯ ಒಂದು ಸೀರೆ ಅಂಗಡಿಯಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿದ್ದವಳು. ಮೆಲುದನಿ, ನೆಲ ನೋಡುವ ಕಣ್ಣು. ಮೊದಲ ಪಾಠದಲ್ಲಿ ಒಂದು ಮಗು ಉತ್ತರ ಹೇಳಿ ಮುಗಿಸಿದ ಕೂಡಲೇ, ಅಂಗಡಿಯ ಅಭ್ಯಾಸದಲ್ಲಿ, "ಥ್ಯಾಂಕ್ ಯೂ, ನೆಕ್ಸ್ಟ್" ಎಂದುಬಿಟ್ಟಳು. ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ಅವಳು ಕಿವಿಯವರೆಗೆ ಕೆಂಪಾದಳು. ಆಮೇಲೆ ಅವಳ ಪಾಠಗಳಲ್ಲಿ ಅಂಥದ್ದೇನೂ ನಡೆಯಲಿಲ್ಲ ಎಂದೇ ನಾನು ತಿಳಿದಿದ್ದೆ. ಸದ್ದು ಮಾಡದವರನ್ನು ನೋಡುವ ಶಕ್ತಿ ನನ್ನಲ್ಲಿ ಆಗಲೇ ಮುಗಿದಿತ್ತು.

ಅಂತಿಮ ಪಾಠದ ಪರೀಕ್ಷೆಯ ದಿನ ಹೊರಗಿನ ಕಾಲೇಜಿನಿಂದ ಒಬ್ಬರು ಮೇಡಂ ಪರೀಕ್ಷಕರಾಗಿ ಬಂದರು. ನನಗಿಂತ ಹಿರಿಯರು, ನಿವೃತ್ತಿಯ ಅಂಚಿನಲ್ಲಿದ್ದವರು. ಸಾಮಾನ್ಯವಾಗಿ ಬರುವ ಪರೀಕ್ಷಕರು ರೆಕಾರ್ಡುಗಳ ತೂಕ ನೋಡುತ್ತಾರೆ, ಬೈಂಡಿಂಗ್ ನೋಡುತ್ತಾರೆ, ಸಹಿ ಬಿದ್ದಿದೆಯೋ ಎಂದು ನಾಲ್ಕು ಹಾಳೆ ಮಗುಚುತ್ತಾರೆ. ಇವರು ಊಟವಾದ ಮೇಲೆ ಒಂದು ರೆಕಾರ್ಡು ಬಿಡಿಸಿಕೊಂಡು ಕೂತವರು ಬಹಳ ಹೊತ್ತು ಹಾಳೆಯನ್ನೇ ಮಗುಚಲಿಲ್ಲ. ಆಮೇಲೆ ಅದನ್ನು ನನ್ನ ಕಡೆಗೆ ತಿರುಗಿಸಿದರು.

"ಮೇಡಂ, ಇದನ್ನ ನೋಡಿದ್ರಾ?"

ಮೂರನೆಯವಳ ರೆಕಾರ್ಡು. ಆರನೇ ಪಾಠ. ಕೊನೆಯ ಚೌಕ ತುಂಬಿ, ಅಕ್ಷರಗಳು ಅಂಚಿಗೆ ಹತ್ತಿದ್ದವು.

'ಇವತ್ತು ಒಬ್ಬ ಹುಡುಗಿಯನ್ನು ಎಬ್ಬಿಸಿ ಪಾಠ ಓದು ಎಂದೆ. ಎಂಟನೇ ತರಗತಿಯಾದರೂ ಅವಳಿಗೆ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಸುಮ್ಮನೆ ನಿಂತಳು. ಮೇಡಂ ಹಿಂದೆ ಕೂತಿದ್ದಾರೆ ಎಂದು ಹೆದರಿ ನಾನು ಮತ್ತೆ ಮತ್ತೆ ಓದು ಓದು ಎಂದೆ. ಎಲ್ಲರೂ ನಕ್ಕರು. ಅವಳು ಅತ್ತಳು. ನಾನು ಶಾಲೆಯ ಹಿಂದೆ ಹೋಗಿ ಅತ್ತೆ. ನಾನು ಟೀಚರ್ ಆಗಬಾರದು ಅನ್ನಿಸುತ್ತಿದೆ. ಅಂಗಡಿಯವರು ಮತ್ತೆ ಬಾ ಎನ್ನುತ್ತಿದ್ದಾರೆ. ಮೇಡಂ, ಏನು ಮಾಡಲಿ?'

ಅದರ ಕೆಳಗೆ ಕೆಂಪು ಅಕ್ಷರದಲ್ಲಿ 'ಉತ್ತಮ'. ಅದರ ಕೆಳಗೆ ನನ್ನ ಸಹಿ.

ಆ ಪಾಠ ನಡೆಯುವಾಗ ನಾನು ಅದೇ ಕೋಣೆಯಲ್ಲಿದ್ದೆ. ಕೊನೆಯ ಬೆಂಚಿನಲ್ಲಿ ಕೂತು ಬೇರೆಯವರ ರೆಕಾರ್ಡುಗಳಿಗೆ ಸಹಿ ಹಾಕುತ್ತಿದ್ದಿರಬೇಕು. ಮಕ್ಕಳು ನಕ್ಕಿದ್ದಾಗಲಿ ಒಂದು ಮಗು ಅತ್ತಿದ್ದಾಗಲಿ ನನಗೆ ನೆನಪೇ ಇರಲಿಲ್ಲ.

ಪರೀಕ್ಷಕರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನಾನೂ ಓದದೇನೇ ಎಷ್ಟು ಸೈನ್ ಹಾಕಿದೀನೋ. ಇವತ್ತು ಯಾಕೋ ಓದಿದೆ, ಅಷ್ಟೇ" ಎಂದರು. ಅವಳಿಗೆ ಒಳ್ಳೆಯ ಅಂಕ ಕೊಟ್ಟು, ರೆಕಾರ್ಡುಗಳನ್ನೆಲ್ಲ ಕಪಾಟಿಗೆ ಹಾಕಿಸಿ, ಸಂಜೆ ಮೆಟ್ರೋ ಹಿಡಿದು ಹೋದರು.

ಕಪಾಟಿನ ಬೀಗದ ಕೈ ನನ್ನ ಹತ್ತಿರವೇ ಇತ್ತು. ಬೀಳ್ಕೊಡುಗೆಗೆ ಇನ್ನೂ ಎರಡು ವಾರವಿತ್ತು. ಆರನೇ ಪಾಠದ ನಂತರ ಅವಳು ಇನ್ನೇನು ಬರೆದಿದ್ದಾಳೆ ಎಂದು ತೆಗೆದು ನೋಡಬಹುದಿತ್ತು. ಎರಡು ಸಲ ಕಪಾಟಿನವರೆಗೆ ಹೋಗಿ ವಾಪಸ್ಸು ಬಂದೆ. ಕೆಲಸ ಜಾಸ್ತಿ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸವೇನೂ ಇರಲಿಲ್ಲ, ಹೆದರಿಕೆ ಇತ್ತು. ಅವಳು ಅಂಗಡಿಗೇ ವಾಪಸ್ಸು ಹೋಗುತ್ತಾಳೋ, ಹೋದರೆ ನನ್ನಿಂದಲೇ ಹೋದಂತಾಗುತ್ತದೋ ಎಂಬ ಒಂದೇ ಯೋಚನೆ ಬಸ್ಸಿನಲ್ಲಿ, ಒಲೆಯ ಮುಂದೆ ಕೊರೆಯುತ್ತಿತ್ತು. ಕಾರಿಡಾರಿನಲ್ಲಿ ಅವಳು ಎದುರು ಬಂದರೆ ಫೋನ್ ಕಿವಿಗಿಟ್ಟುಕೊಂಡು ಸರಿದುಹೋಗುತ್ತಿದ್ದೆ. ಐವತ್ತೇಳನೇ ವಯಸ್ಸಿನಲ್ಲಿ ಹೋಂವರ್ಕ್ ಮಾಡದ ಮಕ್ಕಳ ಆಟ!

ಬೀಳ್ಕೊಡುಗೆಯ ದಿನ ಎಲ್ಲರೂ ಒಂದೇ ಬಣ್ಣದ ಸೀರೆ ಉಟ್ಟು ಬಂದರು. ಮೆರೂನೋ ಸಾಸಿವೆ ಹಳದಿಯೋ ಎಂದು ಮೂರು ವಾರ ವಾಟ್ಸಾಪಿನಲ್ಲಿ ಕಿತ್ತಾಡಿ ಮೆರೂನು ಗೆದ್ದಿತ್ತು. ವಿಜಯಪುರದವಳ ಸೀರೆ ಗಿಡ್ಡವಾಗಿತ್ತು. "ನನ್ನ ಎತ್ತರಕ್ಕ ಬೆಂಗಳೂರಾಗ ಸೀರಿನೇ ನೇಯಂಗಿಲ್ರೀ" ಎಂದು ಎಲ್ಲರನ್ನೂ ನಗಿಸಿದಳು. ಉಲ್ಲಾಳದವಳು ಅಂದೂ ತಡ. ಆದರೆ ಹನ್ನೊಂದು ಜನರಿಗೂ ಮನೆಯಿಂದ ಒಬ್ಬಟ್ಟು ತಂದಿದ್ದಳು, ನನಗೆ ಬೇರೆ ಡಬ್ಬಿ. ಅವಳ ಅತ್ತೆ ಮನೆಯವರು ಕೆಲಸಕ್ಕೆ ಹೋಗಲು ಒಪ್ಪಿದ್ದರಂತೆ. "ನಾನೇ ಇನ್ನೂ ಒಪ್ಪಿಲ್ಲ ಮೇಡಂ" ಎಂದು ಕಣ್ಣು ಮಿಟುಕಿಸಿದಳು. ನಮ್ಮಲ್ಲಿ ದೀಪ ದಾಟಿಸುವ ಪದ್ಧತಿ ಇದೆ. ಅಧ್ಯಾಪಕರು ಹಚ್ಚಿದ ದೀಪದಿಂದ ಒಬ್ಬೊಬ್ಬರೂ ತಮ್ಮ ಹಣತೆ ಹಚ್ಚಿಕೊಂಡು ಮುಂದಿನವರಿಗೆ ದಾಟಿಸುತ್ತಾರೆ. ಇಪ್ಪತ್ತೆರಡು ಸಲ ನೋಡಿದ್ದೇನೆ. ಆ ಹೊತ್ತಿನಲ್ಲಿ ಸಾಮಾನ್ಯವಾಗಿ ಮನೆಗೆ ಹೋಗುವ ಬಸ್ಸಿನ ಬಗ್ಗೆ ಯೋಚಿಸುತ್ತಿರುತ್ತೇನೆ. ಅವತ್ತು ಮೆರೂನು ಸಾಲಿನಲ್ಲಿ ಗಾಳಿಗೆ ಕೈ ಅಡ್ಡ ಹಿಡಿದು ನಿಂತಿದ್ದ ಅವರನ್ನು ನೋಡುತ್ತಾ, ಇವರೆಲ್ಲ ಎಷ್ಟು ಚೆಂದ ಇದ್ದಾರಲ್ಲ, ನಾನು ಇವರನ್ನು ಸರಿಯಾಗಿ ನೋಡಲೇ ಇಲ್ಲವಲ್ಲ ಎಂದುಕೊಂಡೆ.

ಕಾರ್ಯಕ್ರಮ ಮುಗಿದು ಎಲ್ಲರೂ ಫೋಟೋಗೆಂದು ಗೇಟಿನ ಕಡೆ ಓಡಿದರು. ರೆಕಾರ್ಡುಗಳನ್ನು ಅವತ್ತೇ ವಾಪಸ್ಸು ಕೊಟ್ಟಿದ್ದೆವು. ಮೂರನೆಯವಳು ತನ್ನದನ್ನು ಎದೆಗವಚಿಕೊಂಡು ನನ್ನ ಹತ್ತಿರ ಬಂದು ಕಾಲು ಮುಟ್ಟಿದಳು.

"ಮೇಡಂ, ನಿಮ್ಗೊಂದು ಮಾತು ಹೇಳ್ಬೇಕಿತ್ತು. ಆರನೇ ಪಾಠ ಆದ್ಮೇಲೆ ಕಾಲೇಜ್ ಬಿಡೋಣ ಅಂತಿದ್ದೆ. ಅಂಗಡಿಗೆ ಬರ್ತೀನಿ ಅಂತಾನೂ ಹೇಳಿದ್ದೆ. ಅಷ್ಟೆಲ್ಲ ಬರ್ದಿದ್ರೂ ನೀವು 'ಉತ್ತಮ' ಅಂತ ಹಾಕಿದ್ರಿ. ಮೇಡಂಗೇ ಇದು ದೊಡ್ಡ ತಪ್ಪು ಅನ್ನಿಸಿಲ್ಲ ಅಂದ್ರೆ, ಎಲ್ಲಾ ಟೀಚರ್‌ಗೂ ಹೀಗೆ ಆಗಿರುತ್ತೆ ಅಂತ ಉಳ್ಕೊಂಡೆ. ಈಗ ಬಸವೇಶ್ವರನಗರದ ಸ್ಕೂಲೊಂದ್ರಲ್ಲಿ ಕೆಲಸ ಸಿಕ್ಕಿದೆ. ಸೋಮವಾರ ಫೋನ್ ಮಾಡಿ ಬರ್ತೀನಿ ಅಂತ ಹೇಳ್ಬೇಕು. ಎಲ್ಲ ನಿಮ್ಮಿಂದಾನೇ ಮೇಡಂ."

ಸುಮ್ಮನೆ ತಲೆ ಸವರಿ ಕಳಿಸಬಹುದಿತ್ತು. ಅವಳು ಖುಷಿಯಾಗಿದ್ದಳು, ಕೆಲಸವೂ ಸಿಕ್ಕಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ನಾಳೆ ಆ ಸ್ಕೂಲಿನಲ್ಲಿ ಇನ್ನೊಂದು ಮಗು ಓದಲು ಬಾರದೆ ನಿಂತರೆ, ನನ್ನ ಆ 'ಉತ್ತಮ'ವನ್ನು ನಂಬಿಕೊಂಡು ಇವಳು ನಿಲ್ಲಬೇಕು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

"ನಾನು ಅದನ್ನ ಓದಿರ್ಲಿಲ್ಲ ಕಣಮ್ಮ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ.

"ಸೈನ್ ಹಾಕ್ದೆ ಅಷ್ಟೇ. ಪರೀಕ್ಷೆ ದಿನ ಎಕ್ಸ್‌ಟರ್ನಲ್ ಮೇಡಂ ತೋರ್ಸಿದ್ಮೇಲೇ ನನಗೆ ಗೊತ್ತಾಗಿದ್ದು."

"ಮಿಕ್ಕಿದ್ದು, ಮೇಡಂ?"

"ಯಾವ್ದನ್ನೂ ಓದಿಲ್ಲ."

ಅವಳ ಮುಖ ಬಾಡಿತು. ಗೇಟಿನ ಹತ್ತಿರ ವಿಜಯಪುರದವಳು ಅವಳನ್ನು ಫೋಟೋಗೆ ಕೂಗುತ್ತಿದ್ದಳು. ಅವಳು ಅತ್ತ ತಿರುಗಲಿಲ್ಲ. ಈಗ ಹೊರಟುಹೋಗುತ್ತಾಳೆ, ಸೋಮವಾರ ಅಂಗಡಿಗೆ ಫೋನ್ ಮಾಡುತ್ತಾಳೆ ಎಂದು ನನಗೆ ಖಾತ್ರಿಯಾಯಿತು.

ಅವಳು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ನನ್ನ ಮುಂದೆ ಹಾಕಿದಳು. ಇನ್ನೊಂದನ್ನು ಎಳೆದು ಎದುರಿಗೆ ತಾನು ಕೂತಳು. ರೆಕಾರ್ಡನ್ನು ನನ್ನ ತೊಡೆಯ ಮೇಲಿಟ್ಟಳು.

"ಹಾಗಾದ್ರೆ ಈಗ ಓದಿ ಮೇಡಂ. ಪೂರ್ತಿ ಓದಿ. ನಾನು ಸ್ಕೂಲಿಗೆ ಹೋಗ್ಲಾ ಬೇಡ್ವಾ, ಓದಿ ಹೇಳಿ."

ಓದಿದೆ. ಏಳನೇ ಪಾಠದ ಚೌಕದಲ್ಲಿ ಅವಳು ಆ ಹುಡುಗಿಯ ಹತ್ತಿರ ಕ್ಷಮೆ ಕೇಳಿದ್ದಳು. ಒಂಬತ್ತರಲ್ಲಿ ಬೆಲ್ಲಿಗೆ ಅರ್ಧ ಗಂಟೆ ಮುಂಚೆ ಬಂದು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಅಕ್ಷರ ಶುರು ಮಾಡಿದ್ದಳು. ಹದಿಮೂರರಲ್ಲಿ ಹುಡುಗಿ ಬಸ್ಸಿನ ಬೋರ್ಡು ಓದಿದ್ದಳು. ಹದಿನೆಂಟರಲ್ಲಿ ತರಗತಿಯಲ್ಲಿ ಎದ್ದು ನಿಂತು ನಾಲ್ಕು ಸಾಲು ಓದಿದ್ದಳು, ತಡವರಿಸಿ. ಯಾರೂ ನಗಲಿಲ್ಲ ಎಂದು ಅಡಿಗೆರೆ ಎಳೆದು ಬರೆದಿದ್ದಳು. ಎಲ್ಲದರ ಕೆಳಗೂ ನನ್ನ 'ಉತ್ತಮ', 'ಉತ್ತಮ', 'ಉತ್ತಮ'. ಕನ್ನಡಕ ಮಂಜಾಗಿ ಎರಡು ಸಲ ಒರೆಸಿಕೊಳ್ಳಬೇಕಾಯಿತು. ನನ್ನ ಬಸ್ಸು ಹೋಯಿತು. ಅವಳ ಗೆಳತಿಯರು ಬಂದು ಇಣುಕಿ ನೋಡಿ ಹೋದರು. ಅವಳು ಕೈಕಟ್ಟಿ ಕಾಯುತ್ತಾ ಕೂತೇ ಇದ್ದಳು.

ಇಪ್ಪತ್ತನೇ ಪಾಠ ಮುಗಿದಾಗ, ಅಭ್ಯಾಸದಂತೆ ನನ್ನ ಕೈ ಚೀಲದೊಳಗಿನ ಕೆಂಪು ಪೆನ್ನಿಗೆ ಹೋಯಿತು.

"ಬರೀಬೇಡಿ ಮೇಡಂ" ಎಂದಳು. "ಬಾಯಲ್ಲಿ ಹೇಳಿ."

"ಆರನೇ ಪಾಠ ಚೆನ್ನಾಗಿರ್ಲಿಲ್ಲ" ಎಂದೆ. "ಸ್ಕೂಲಿಗೆ ಹೋಗಮ್ಮ."