ಚಂದ್ರಮತಿ ಬಂದ್ ಮಾಡಿಸಿದ ಹಾಡುಗಾರ್ತಿ

ಟಿ.ವಿ.ಯಲ್ಲಿ ಹಾಡಿನ ಸ್ಪರ್ಧೆ ಬಂದರೆ ನಾನು ಎದ್ದು ಹೋಗುತ್ತೇನೆ. ಹಾಡಿ ನಿಂತವರಿಗೆ ಹತ್ತಕ್ಕೆ ಎಂಟು, ಹತ್ತಕ್ಕೆ ಒಂಬತ್ತು ಎಂದು ಅಂಕ ಕೊಡುವುದನ್ನು ಕಂಡರೆ ಮೈ ಉರಿಯುತ್ತದೆ. ಅಲ್ಲ ಮಾರಾಯ್ರೆ, ಒಬ್ಬರ ಸ್ವರ ಇನ್ನೊಬ್ಬರಿಗೆ ಯಾಕೆ ಹಿಡಿಸುತ್ತದೆ ಎಂದು ಹೇಳುವುದು ಅಷ್ಟು ಸುಲಭವೇ? ಈ ವಿಷಯದಲ್ಲಿ ನಾನು ನಂಬುವುದು ಒಬ್ಬಳ ಮಾತನ್ನು ಮಾತ್ರ. ಅವಳು ಚಂದ್ರಮತಿ. ಕೋಟದ ಹತ್ತಿರ ನಾನು ಮೇಸ್ತ್ರಿಯಾಗಿದ್ದ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುತ್ತಿದ್ದವಳು.

೧೯೯೭ರಲ್ಲಿ ಕೆಲಸಕ್ಕೆ ಸೇರಿದಳು. ಅವಳ ಗಂಡ ಮೀನು ಹಿಡಿಯುವ ದೋಣಿಗೆ ಹೋಗುತ್ತಿದ್ದ. ಇವಳು ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದು, ಚಿಕ್ಕ ಚೂರಿ ಹಿಡಿದು ಕೂತರೆ ಕೈ ನಿಲ್ಲುತ್ತಿರಲಿಲ್ಲ. ತಿರುಳಿಗೆ ಅಂಟಿದ ಕೆಂಪು ಸಿಪ್ಪೆಯನ್ನು ಬೀಜ ತುಂಡಾಗದ ಹಾಗೆ ಬಿಡಿಸಬೇಕು; ಇಡೀ ಬೀಜಕ್ಕೇ ಬೆಲೆ. ಯಾರ ತಟ್ಟೆಯಲ್ಲಿ ತುಂಡು ಹೆಚ್ಚಾಯಿತೋ ಅವರನ್ನು ಪಕ್ಕದ ಕಟ್ಟಡದ ಒಡೆಯುವ ಸಾಲಿಗೆ ಕಳಿಸುತ್ತಿದ್ದೆವು. ಅಲ್ಲಿ ಬೀಜದ ಎಣ್ಣೆಗೆ ಬೆರಳು ಸುಟ್ಟು ಕಪ್ಪಾಗುತ್ತದೆ, ಯಂತ್ರದ ಸದ್ದಿಗೆ ಕಿವಿ ಹೋಗುತ್ತದೆ.

ಎರಡು ವರ್ಷ ಕಳೆದ ಮೇಲೆ ಧಣಿಗಳು ಸಿಪ್ಪೆ ತೆಗೆಯುವ ಕೋಣೆಗೆ ಒಂದು ಟೇಪ್ ರೆಕಾರ್ಡರ್ ತಂದಿಟ್ಟರು. ಕ್ಯಾಸೆಟ್‌ಗಳನ್ನು ನಾನೇ ಕುಂದಾಪುರದ ಅಂಗಡಿಯಲ್ಲಿ ಹಾಡು ತುಂಬಿಸಿ ತರುತ್ತಿದ್ದೆ. ಅವುಗಳ ಮೇಲೆ ಹಾಡಿದವರ ಹೆಸರಿರಲಿಲ್ಲ. ಹಾಗಾಗಿ ಚಂದ್ರಮತಿಯೇ ಎಲ್ಲರಿಗೂ ಹೆಸರಿಟ್ಟಳು. ಒಬ್ಬ ದೊಡ್ಡ ಗಾಯಕ ‘ಹೆಡ್‌ಮಾಷ್ಟ್ರು’. “ಸಮಾ ಹಾಡ್ತ್ರ್, ಒಂದ್ ತಪ್ಪಿಲ್ಲ. ಆರೆ ನಮ್ ಹತ್ರ ಮಾತಾಡ್ತ್ರಿಲ್ಲ” ಎನ್ನುವಳು. ಇನ್ನೊಬ್ಬ ‘ಬಾವಯ್ಯ’. “ಇವ ಹಾಡ್ರೆ ಬಾಯ್ ತುಂಬ ನೆಗಿ ಬತ್ತ್. ಆರೆ ಕೈಯೂ ಓಡತ್ತ್, ಬೀಜ ತುಂಡಾತ್ತ್.” ನಾನು ನಂಬಲಿಲ್ಲ. ಒಂದು ವಾರ ಲೆಕ್ಕ ಇಟ್ಟು ನೋಡಿದೆ. ಹೌದು, ಬಾವಯ್ಯ ಹಾಡಿದ ದಿನ ತುಂಡು ಜಾಸ್ತಿಯೇ!

ಅವಳಿಗೆ ಜೀವವಾಗಿದ್ದದ್ದು ‘ತಂಗಿ’. ಅಂಥಾ ಹೆಸರು ಮಾಡಿದ ಗಾಯಕಿಯೇನಲ್ಲ. ಒಂದು ಕ್ಯಾಸೆಟ್ಟಿನಲ್ಲಿ ನಾಲ್ಕು ಹಾಡು, ಅಷ್ಟೇ. ನನಗೆ ಆ ಸ್ವರ ತೆಳುವೆನಿಸುತ್ತಿತ್ತು.

“ಇದ್ರಂಗ್ ಎಂತ ಇತ್ತ್ ಅಂದೇಳಿ ಇಷ್ಟ್ ಕುಣೀತೆ?” ಎಂದು ಪಕ್ಕದಲ್ಲಿ ಕೂರುವ ಸೀತು ಛೇಡಿಸಿದಳು.

“ಮೇಲೆ ಹೋಪತಿಗೆ ಅವ್ಳ್ ಸ್ವರ ಚೂರ್ ನಡುಗತ್ತ್, ಕೇಣ್. ಹೆದ್ರ್ಕಂಡೇ ಹೋತ್ಲ್. ಆರೂ ಹೋತ್ಲ್ ಅಲ್ದಾ, ಅದೇ ನಂಗ್ ಖುಷಿ.”

ಆಮೇಲೆ ನಾನೂ ಕಿವಿಗೊಟ್ಟೆ. ಮೇಲೆ ಹೋಗುವಾಗ ಸ್ವರ ನಡುಗುತ್ತಿತ್ತು, ನಿಜ. ಅಲ್ಲಿಯವರೆಗೆ ನನಗೆ ಕೇಳಿಸಿರಲೇ ಇಲ್ಲ.

೨೦೦೪ರ ಮಳೆಗಾಲ ಮುಗಿಯುವ ಹೊತ್ತಿಗೆ ಚಂದ್ರಮತಿಯ ತಟ್ಟೆಯಲ್ಲಿ ತುಂಡು ಕಾಣಿಸತೊಡಗಿತು. ಮೊದಲು ಹತ್ತಿಪ್ಪತ್ತು, ಆಮೇಲೆ ಹಿಡಿಗಟ್ಟಲೆ. ಕರೆದು ಕೇಳಿದೆ. ತಲೆ ತಗ್ಗಿಸಿಯೇ ಹೇಳಿದಳು: “ಆ ತಂಗಿ ಪದ್ಯ ಬಂದ್ ಮಾಡಿ ಉಮಾನಾಥ್ರೆ. ಕೇಂತಾ ಕೇಂತಾ ಕಣ್ಣಂಗ್ ನೀರ್ ಬತ್ತ್. ಕೈ ಜಾರತ್ತ್.”

ಬಾವಯ್ಯನ ವಿಷಯದಲ್ಲಿ ಅವಳ ಮಾತು ನಿಜವಾಗಿತ್ತಲ್ಲ, ಇದನ್ನೂ ನಂಬಿದೆ. ಆ ಕ್ಯಾಸೆಟ್ಟನ್ನು ಮೇಜಿನ ಖಾನೆಗೆ ಹಾಕಿ ಬೀಗ ಜಡಿದೆ. ಆ ಕೋಣೆಯ ನಲವತ್ತು ಹೆಂಗಸರೂ ನಂಬಿದರು. ಒಬ್ಬಳಾದರೂ ತಂಗಿಯ ಹಾಡು ಬೇಕೆಂದು ಕೇಳಲಿಲ್ಲ.

ಐದು ತಿಂಗಳಾದರೂ ತುಂಡು ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಹಳಬಳು, ಸರಿಹೋದಾಳು ಎಂದು ಅವಳನ್ನು ಒಡೆಯುವ ಸಾಲಿಗೆ ಕಳಿಸದೆ ದಿನ ದೂಡಿದೆ. ಒಂದು ದಿನ ಊಟದ ಬಿಡುವಿನ ನಂತರ ಅವಳು ತಟ್ಟೆಯ ಸುತ್ತ ಅಂಗೈ ಸವರಿ ಏನೋ ಹುಡುಕುತ್ತಿದ್ದಳು. ಚೂರಿ ಅವಳ ಮುಂದೆಯೇ ಇತ್ತು. ಆಮೇಲೆ ಒಂದು ಬೀಜ ಎತ್ತಿಕೊಂಡು, ತೋಳು ಉದ್ದ ಚಾಚಿ ದೂರ ಹಿಡಿದು ನೋಡಿದಳು. ನಲವತ್ತು ದಾಟಿದ ಮೇಲೆ, ಕನ್ನಡಕ ಹಾಕಿಕೊಳ್ಳುವ ಮೊದಲು, ನಾನೂ ಪೇಪರನ್ನು ಹಾಗೆಯೇ ಹಿಡಿಯುತ್ತಿದ್ದೆನಲ್ಲ!

“ಚಂದ್ರಮತಿ, ಕಣ್ಣ್ ಕಾಂತಿಲ್ಯಾ?”

ಅವಳು ಬೀಜವನ್ನು ತಟ್ಟೆಗೆ ಹಾಕಿ ಅತ್ತಿತ್ತ ನೋಡಿದಳು. “ಹ್ವಾಯ್, ಮೆಲ್ಲ ಮಾತಾಡಿ. ಒಡೆವ ಸಾಲಿಗೆ ಹಾಕ್ಬೇಡಿ. ಅಲ್ಲ್ ಒಂದ್ ಪದ್ಯ ಕೇಂತಿಲ್ಲ.”

“ಕನ್ನಡ್ಕ ಹಾಯ್ಕಂಬುಕೆ ಎಂತ ಆಯ್ತ್?”

“ನೀವ್ ಹಾಯ್ಕಂಡ್ರೆ ಅಡ್ಡಿಲ್ಲ. ನಾವ್ ಹಾಯ್ಕಂಡ್ರೆ?”

ಕನ್ನಡಕ ಬಂದವರು ಸಿಪ್ಪೆ ತೆಗೆಯುವುದಕ್ಕೆ ಬೇಡ ಎಂಬುದು ನಮ್ಮಲ್ಲಿಯ ರೂಢಿ. ಹಿಂದಿನ ವರ್ಷ ಪದ್ದು ಎಂಬವಳನ್ನು ಅದೇ ಕಾರಣಕ್ಕೆ ಒಡೆಯುವ ಸಾಲಿಗೆ ಕಳಿಸಿದವನು ನಾನೇ, ನನ್ನ ಮೂಗಿನ ಮೇಲೆ ಚಾಳೀಸು ಇಟ್ಟುಕೊಂಡು. ಆ ಸಾಲಿಗೆ ಹೋಗಬಾರದೆಂದು ಈ ಹೆಂಗಸು ತನ್ನ ಪ್ರೀತಿಯ ಹಾಡುಗಾರ್ತಿಯ ತಲೆಗೇ ತಪ್ಪು ಕಟ್ಟಿ, ಐದು ತಿಂಗಳು ಆ ಸ್ವರ ಕೇಳದೆ ಕೂತಿದ್ದಳು. ಥೂ, ನನ್ನ ಮೇಸ್ತ್ರಿಗಿರಿಗಿಷ್ಟು ಬೆಂಕಿ ಬೀಳಲಿ ಎನಿಸಿತು.

ನನ್ನ ಚಾಳೀಸನ್ನೇ ತೆಗೆದು ಅವಳ ಕೈಗೆ ಕೊಟ್ಟೆ. ಹೆದರುತ್ತ ಹಾಕಿಕೊಂಡಳು. ಒಂದು ಬೀಜ ಎತ್ತಿ ನೋಡಿ, “ಅಯ್ಯೋ ದೇವ್ರೆ, ಇದ್ರ್ ಗೆರಿ ಎಲ್ಲ ಕಾಂತ್ತಲೆ!” ಎಂದಳು. ಸಂಜೆಯ ತನಕ ಅವಳು ಸುಲಿದ ಬೀಜದ ತಟ್ಟೆಯನ್ನು ಯಾರದೆಂದು ಹೇಳದೆ ಧಣಿಗಳ ಮುಂದಿಟ್ಟೆ. ಅವರು ಕೈಯಾಡಿಸಿ, “ಇಂಥಾ ಕೈ ಎಲ್ಲಿಂದ ತಂದ್ಯ?” ಎಂದು ಕೇಳಿದರು. ಕನ್ನಡಕದ ವಿಷಯ ಆಗ ಹೇಳಿದೆ. ಸ್ವಲ್ಪ ಗೊಣಗಿದರು. ನಾನೂ ಬಿಡಲಿಲ್ಲ, ಪದ್ದುವಿನ ಹೆಸರನ್ನೂ ಎತ್ತಿದೆ. ಕೊನೆಗೆ ಒಪ್ಪಿದರು.

ಮುಂದಿನ ಸೋಮವಾರ ಚಂದ್ರಮತಿ ತನ್ನದೇ ಕನ್ನಡಕ ಹಾಕಿಕೊಂಡು ಬಂದಳು. ಎರಡು ಕುರ್ಚಿ ಆಚೆ ಪದ್ದು ಕೂತಿದ್ದಳು, ಉಗುರಿನ ಕಪ್ಪು ಇನ್ನೂ ಹೋಗಿರಲಿಲ್ಲ. ನಾನು ಖಾನೆಯ ಬೀಗ ತೆಗೆದು ಆ ಕ್ಯಾಸೆಟ್ ಹಾಕಿದೆ. ಹಾಡು ಶುರುವಾದದ್ದೇ ಸೀತು, “ಹ್ವಾಯ್, ಅದ್ ಬ್ಯಾಡ! ಬೀಜ ತುಂಡಾತ್ತ್!” ಎಂದು ಕೂಗಿದಳು.

ಚಂದ್ರಮತಿ ಚೂರಿ ಕೆಳಗಿಟ್ಟಳು. ಎದ್ದು ಟೇಪ್ ರೆಕಾರ್ಡರಿನ ಹತ್ತಿರ ಹೋಗಿ ನಿಂತಳು. ಸ್ವರ ಮೇಲೆ ಹೋಗುವ ಜಾಗ ಬಂತು, ಚೂರು ನಡುಗಿತು, ಆದರೂ ಮೇಲೆ ಹೋಯಿತು. ಅವಳು ಎಲ್ಲರಿಗೂ ಕೇಳುವ ಹಾಗೆ, ಆ ಪೆಟ್ಟಿಗೆಗೇ ಹೇಳಿದಳು:

“ತಂಗಿ, ನಂದೇ ತಪ್ಪ್. ನೀನ್ ಎಂತದೂ ಮಾಡ್ಲಿಲ್ಲ.”