ಇಂಬಳದ ಸಾಕ್ಷಿ

ಹೊಂಗಡಹಳ್ಳದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ದಾಸಯ್ಯನವರಿಗೆ ಲ್ಯಾಬಿನ ರಿಪೋರ್ಟಿಗಿಂತ ರಕ್ತ ಹೀರುವ ಇಂಬಳದ ಮೇಲೆಯೇ ನಂಬಿಕೆ. ಬೆಳಿಗ್ಗೆ ತಿಂಡಿಯಾದ ಮೇಲೆ ಮೀನೆಣ್ಣೆಯ ಹಳದಿ ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ ನುಂಗುತ್ತಾರೆ. ಊಟವಾದ ಮೇಲೆ ಕೊಲೆಸ್ಟ್ರಾಲಿನ ಬಿಳಿ ಮಾತ್ರೆ. "ಇದು ರಕ್ತದ ಜಿಡ್ಡು ಇಳಿಸ್ತೈತೆ, ಅದು ನರದಾಗೆ ಪಾಚಿ ಕಟ್ಟದಂಗೆ ನೋಡ್ಕಂತೈತೆ ಕಣ್ರೀ" ಎಂದು ಕೇಳದವರಿಗೂ ಹೇಳುತ್ತಾರೆ. ಕೂಲಿ ಲೈನಿನ ಹೆಂಗಸರು ಇಂಬಳ ಹತ್ತದಂತೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡು ತೋಟಕ್ಕಿಳಿದರೆ, ಇವರು ಕಾಲುಚೀಲ ಕೆಳಗೆ ಜಾರಿಸಿ ಕಾಫಿಗಿಡದ ಬುಡದಲ್ಲಿ ಅಲ್ಲಾಡದೆ ನಿಲ್ಲುತ್ತಾರೆ. ತರಗೆಲೆಯಡಿಯಿಂದ ಇಂಬಳಗಳು ಒಂದೊಂದಾಗಿ ತಲೆಯೆತ್ತಿ ಅವರ ಕಡೆಗೇ ಬರುತ್ತವೆ. ಅವು ರಕ್ತ ಕುಡಿದು ಉದುರಿದ ಮೇಲೆ ಗಾಯ ಒರೆಸದೆ ವಾಚು ನೋಡುತ್ತಾರೆ. ಅರ್ಧ ಗಂಟೆ ರಕ್ತ ಹರಿದರೆ ಮುಖ ಅರಳುತ್ತದೆ: "ಹೆಪ್ಪುಗಟ್ತಾ ಇಲ್ಲ. ಗುಳಿಗೆ ಕೆಲಸ ಮಾಡ್ತಾ ಐತೆ." ಅವರು ನಡೆದ ದಾರಿಯ ಎಲೆಗಳ ಮೇಲೆ ಕೆಂಪು ಚುಕ್ಕೆಗಳಿರುತ್ತವೆ, ಅವುಗಳ ಹಿಂದೆ ಇನ್ನಷ್ಟು ಇಂಬಳಗಳು. ಸಕಲೇಶಪುರದ ಡಾಕ್ಟರು ಒಮ್ಮೆ ಬೈದರಂತೆ: "ರಕ್ತ ನಿಲ್ಲದೇ ಇರೋದು ಇಂಬಳದ ಎಂಜಲಿಂದ ರೈಟ್ರೇ, ಗುಳಿಗೆಯಿಂದಲ್ಲ." ಒಂದು ದಿನ ತೋಟದಲ್ಲಿ ಅವರ ಪಕ್ಕ ನಿಂತಿದ್ದ ನಾನೂ ಅದನ್ನೇ ಹೇಳಿ ನಕ್ಕೆ. ದಾಸಯ್ಯನವರು ನಗಲಿಲ್ಲ. "ಗೊತ್ತು ಕಣ್ರೀ" ಎಂದರು, ವಾಚಿನಿಂದ ಕಣ್ಣು ತೆಗೆಯದೆ. "ನಮ್ಮಣ್ಣ ಎದೇಲಿ ರಕ್ತ ಹೆಪ್ಪುಗಟ್ಟಿ ಇದೇ ಗಿಡದ ಬುಡದಾಗೆ ಬಿದ್ದಿದ್ದ. ಕಾಲು ಹಿಡ್ಕಂಡು ಎತ್ತಿದೋನು ನಾನೇ. ಮೈಯೆಲ್ಲ ತಣ್ಣಗಾಗೋಗಿತ್ತು. ಇಂಬಳ ಕಚ್ಚಿದ ಜಾಗದಾಗೆ ಮಾತ್ರ ರಕ್ತ ಹೆಪ್ಪುಗಟ್ಟದೆ ಇನ್ನೂ ಒಸರ್ತಾ ಇತ್ತು."